ಇಂದೂಬಾಯಿಯ ನಾಲಿಗೆ

ಮುದ್ದೇಬಿಹಾಳದ ರೋಷನಬಿ ಉಪವಾಸಕ್ಕೆ ಎಂದೂ ಅಂಜಿದವಳಲ್ಲ. ಈ ರಂಜಾನಿನಲ್ಲಿ ಅವಳ ಅಂಜಿಕೆಯೆಲ್ಲ ಉಪ್ಪಿನದು. ಅಂಗಳದ ಒಳಕಲ್ಲಿನಲ್ಲಿ ಕುಟ್ಟಿ ಮುಗಿಸಿದ ಶೇಂಗಾ ಹಿಂಡಿ, ರೊಟ್ಟಿಗೆ ಹಚ್ಚಿಕೊಳ್ಳುವ ಖಾರದ ಚಟ್ನಿ, ಕೆಂಪಗೆ ಎಣ್ಣೆ ಬಿಟ್ಟುಕೊಂಡು ಕೂತಿತ್ತು. ಸಂಜೆಯ ಬಸ್ಸಿಗೆ ಅದು ಸಿಂದಗಿಗೆ ಹೋಗಬೇಕು. ಹೊತ್ತು ಮುಳುಗಿ ರೋಜಾದ ಉಪವಾಸ ಬಿಟ್ಟ ಮೇಲೆ ರುಚಿ ನೋಡೋಣವೆಂದರೆ ಅಷ್ಟೊತ್ತಿಗೆ ಬಸ್ಸು ಅರ್ಧ ಹಾದಿ ಕಳೆದಿರುತ್ತದೆ. ಅವಳ ಪರವಾಗಿ ರುಚಿ ನೋಡುತ್ತಿದ್ದ ಪಕ್ಕದ ಮನೆಯ ಇಂದೂಬಾಯಿ ದೀಪಾವಳಿ ಮುಗಿದ ವಾರದಲ್ಲೇ ತೀರಿಕೊಂಡಿದ್ದಳು.

ಈ ವ್ಯಾಪಾರ ಹುಟ್ಟಿದ್ದು ಗಂಡನ ಸಿಟ್ಟಿನಿಂದ. ಮೂವತ್ತು ವರ್ಷದ ಹಿಂದೆ ಅಮೀನುದ್ದೀನ ಬಸ್‌ಸ್ಟ್ಯಾಂಡಿನಲ್ಲಿ ಹಮಾಲಿ ಮಾಡುತ್ತಿದ್ದ. ಅವನ ಬುತ್ತಿ ಬಿಚ್ಚಿದರೆ ಸಾಕು, ಡ್ರೈವರು ಕಂಡಕ್ಟರುಗಳು ರೊಟ್ಟಿ ಹಿಡಿದು ಸುತ್ತ ಕೂರುತ್ತಿದ್ದರು. ಹಿಂಡಿ ಅವರ ಪಾಲು, ಬರಿ ರೊಟ್ಟಿ ಇವನ ಪಾಲು. "ನಾಳಿಂದ ಅವರ ಡಬ್ಬಿ ಬ್ಯಾರೆ ಕಟ್ಟು, ಪುಕ್ಕಟ ಕೊಡಬ್ಯಾಡ" ಎಂದು ಒಂದು ದಿನ ಹಾರಾಡಿದ. ಅವಳು ಕಟ್ಟಿದಳು. ಹಿಂಡಿ ಬಸ್ಸು ಹತ್ತಿ ಬಾಗೇವಾಡಿಗೆ ಹೋಯಿತು, ಸಿಂದಗಿಗೆ ಹೋಯಿತು, ಇಂಡಿಗೂ ಹೋಯಿತು. ಅಮೀನುದ್ದೀನ ತೀರಿಹೋಗಿ ಎಷ್ಟೋ ವರ್ಷವಾದರೂ ಆ ಬಸ್ಸುಗಳು ಅವಳ ಹಿಂಡಿ ಬಿಟ್ಟು ಹೋದದ್ದಿಲ್ಲ.

ರಂಜಾನ್ ಬಂತೆಂದರೆ ಮಾತ್ರ ಪೇಚು. ಮನೆಮಂದಿಯೆಲ್ಲ ರೋಜಾ. ನಾಲಿಗೆ ತುದಿಗೆ ತಾಗಿಸಿ ಉಗುಳಿದರೆ ನಡೆಯುತ್ತದೆ ಎಂದು ಹಿರಿಯರು ಹೇಳಿದರೂ ರೋಷನಬಿಯ ಮನಸ್ಸು ಒಪ್ಪಲಿಲ್ಲ. ಆಗ ಬಂದವಳು ಇಂದೂಬಾಯಿ. ಮಧ್ಯಾಹ್ನ ಕೈಯಲ್ಲಿ ಅರ್ಧ ರೊಟ್ಟಿ ಹಿಡಿದೇ ಬರುತ್ತಿದ್ದಳು. ಕಟ್ಟೆಯ ಮೇಲೆ ಕೂತು, ರೊಟ್ಟಿ ಮುರಿದು, ಹಿಂಡಿ ಹಚ್ಚಿ, ಕಣ್ಣು ಮುಚ್ಚಿ ಜಗಿಯುತ್ತಿದ್ದಳು.

"ಉಪವಾಸ ಇದ್ದಾಕಿ ಮುಂದ ಕುಂತು ತಿನ್ನಾಕ ನಾಚಿಕಿ ಬರೂದಿಲ್ಲೇನ ನಿನಗ?"

"ಪುಣ್ಯ ನಿನಗಿರಲಿ, ರೊಟ್ಟಿ ನನಗಿರಲಿ" ಎಂದು ಇಂದೂಬಾಯಿ ಇನ್ನೊಂದು ತುತ್ತು ಮುರಿಯುತ್ತಿದ್ದಳು. ಕೆಲವು ದಿನ "ಒಂದು ಚಿಟಿಕಿ ಉಪ್ಪು ಬೇಡತೈತಿ" ಎನ್ನುವಳು. ಉಳಿದ ದಿನ "ಬರೋಬ್ಬರಿ ಐತಿ". ಆ ಮಾತು ಬಿದ್ದ ಮೇಲೆಯೇ ರೋಷನಬಿ ಚೀಲ ಕಟ್ಟುವುದು.

ನಡುವೆ ಒಂದು ವರ್ಷ ಮಗ ಜುಲ್ಫಿಕರನ ತಲೆಗೆ ಗಾಳಿ ಹೊಕ್ಕಿತು. ಒಂದೇ ಹಿಂಡಿ ಎಷ್ಟಂತ ಮಾರೋದು ಎಂದು ಗುರೆಳ್ಳು, ಅಗಸಿ, ಪುಟಾಣಿ, ಬೆಳ್ಳುಳ್ಳಿ ನಾಲ್ಕೂ ಚಟ್ನಿ ಶುರು ಮಾಡಿಸಿದ. ರೋಷನಬಿಗೂ ಆಸೆ ಹುಟ್ಟಿತು, ಸುಳ್ಳೇಕೆ? ಆ ರಂಜಾನಿನಲ್ಲಿ ಇಂದೂಬಾಯಿ ಐದೂ ರುಚಿ ನೋಡಿ ಐದಕ್ಕೂ "ಬರೋಬ್ಬರಿ" ಅಂದಳು. ಮರುದಿನ ಸಿಂದಗಿಯ ಖಾನಾವಳಿಯ ಶ್ರೀಶೈಲಪ್ಪ ಅಷ್ಟೂ ಮಾಲನ್ನು ಅದೇ ಬಸ್ಸಿಗೆ ತಿರುಗಿ ಕಳಿಸಿದ. "ಹಿಂಡಿ ಕಳಸಂದ್ರ ಸಮುದ್ರ ಕಳಿಸ್ಯಾಳ" ಎಂದು ಕಂಡಕ್ಟರನ ಬಾಯಲ್ಲಿ ಹೇಳಿಯೂ ಕಳಿಸಿದ. ಐದರ ಗದ್ದಲದಲ್ಲಿ ರೋಷನಬಿ ಶೇಂಗಾ ಹಿಂಡಿಗೆ ಎರಡು ಸಲ ಉಪ್ಪು ಹಾಕಿದ್ದಳು.

ಇಂದೂಬಾಯಿ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟಳು. "ಮೂರನೇದಕ್ಕ ನನ್ನ ನಾಲಿಗಿ ಸತ್ತಹೋಗಿತ್ತವ್ವಾ. ನಿನ್ನ ಮಾರಿ ನೋಡಿ ಹಂಗ ಅಂದೆ."

"ತಪ್ಪು ನಂದು. ನನ್ನ ಕೈಗೂ ನಿನ್ನ ನಾಲಿಗಿಗೂ ಒಂದ ಸಾಕು" ಎಂದು ರೋಷನಬಿ ನಾಲ್ಕೂ ಡಬ್ಬಿ ಅಟ್ಟಕ್ಕೇರಿಸಿದಳು. ಅವು ಇವತ್ತಿಗೂ ಅಲ್ಲೇ ಇವೆ.

ಆಮೇಲೆ ಕೊರೊನಾ ಬಂತು. ಇಬ್ಬರೂ ಹಾಸಿಗೆ ಹಿಡಿದು ಎದ್ದರು. ಇಂದೂಬಾಯಿ ಮತ್ತೆ ಅರ್ಧ ರೊಟ್ಟಿ ಹಿಡಿದು ಬಂದಳು. ಅದಾದ ಮೇಲೆ ಒಂದು ದಿನವೂ ಉಪ್ಪು ಬೇಡಲಿಲ್ಲ, ದಿನಾ "ಬರೋಬ್ಬರಿ". ತನ್ನ ಕೈ ಪೂರ್ತಿ ಪಳಗಿತೆಂದು ರೋಷನಬಿ ಒಳಗೊಳಗೇ ಹಿಗ್ಗಿದ್ದಳು.

ಈಗ ಸೊಸೆ ತರನ್ನುಮ ಫೋನು ಹಿಡಿದು ಎದುರಿಗೆ ನಿಂತಿದ್ದಳು. ವಿಜಯಪುರದ ದೊಡ್ಡ ಅಂಗಡಿಯೊಂದು ಹತ್ತು ಬಗೆಯ ಚಟ್ನಿ ಕೇಳಿತ್ತು. ಕೊಟ್ಟರೆ ಹತ್ತೂ ಕೊಡಬೇಕು, ಒಂದೇ ಆದರೆ ಬೇಡ. ಸಂಜೆಯೊಳಗೆ ಉತ್ತರ ಹೇಳಬೇಕು.

"ಒಂದ ಹಿಂಡಿ ನಂಬಿ ಎಷ್ಟು ದಿನ ಅಮ್ಮಾ? ನಾ ಎಲ್ಲಾ ನೋಡ್ಕೋತೇನಿ, ಹೂಂ ಅನ್ರಿ."

ಸೊಸೆಯ ಮಾತು ತಪ್ಪಲ್ಲ. ರೋಷನಬಿಯ ಬಾಯಿಗೂ ಹೂಂ ಬಂದುಬಿಟ್ಟಿತ್ತು. ಇಂದೂಬಾಯಿಯೇ ಇಲ್ಲದ ಮೇಲೆ ಈ ಒಂದಾದರೂ ಸರಿಯಿದೆ ಎಂದು ಹೇಳುವವರು ಯಾರು? ಒಂದಾದರೇನು, ಹತ್ತಾದರೇನು ಅನ್ನಿಸಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಇಂದೂಬಾಯಿಯ ಸೊಸೆ ಭಾಗ್ಯಜ್ಯೋತಿ ಕಾಣಿಸಿದಳು. ಕೈಯಲ್ಲಿ ಅರ್ಧ ರೊಟ್ಟಿ. ಅತ್ತೆ ಕೂರುತ್ತಿದ್ದ ಜಾಗದಲ್ಲೇ ಕೂತು, ಹಿಂಡಿ ಹಚ್ಚಿ ತಿಂದಳು.

"ಬರೋಬ್ಬರಿ ಐತ್ರಿ, ಚಿಗವ್ವ."

"ನನ್ನ ಮಾರಿ ನೋಡಿ ಹೇಳಬ್ಯಾಡ, ಖರೇ ಹೇಳು. ನಿಮ್ಮತ್ತಿ ನಾಲಿಗಿ ಎಲ್ಲಾರಿಗೂ ಇರೂದಿಲ್ಲ."

ಭಾಗ್ಯಜ್ಯೋತಿ ಉಳಿದ ರೊಟ್ಟಿಯನ್ನು ಮಡಿಲಲ್ಲಿಟ್ಟುಕೊಂಡಳು. "ನಮ್ಮ ಅತ್ತಿಯವ್ರಿಗೆ ರುಚಿನ ಗೊತ್ತಾಗ್ತಿರಲಿಲ್ರಿ. ಕೊರೊನಾ ಆದಮ್ಯಾಗ ಉಪ್ಪು, ಸಕ್ಕರಿ ಎರಡೂ ಒಂದ ಆಗಿದ್ದವು. ಸಾಯೂತನಾ ತಿರುಗಿ ಬರಲಿಲ್ಲ."

ರೋಷನಬಿ ಕೈಯಲ್ಲಿದ್ದ ಒನಕೆಯನ್ನು ಗೋಡೆಗೆ ಆನಿಸಿಟ್ಟಳು. "ಮತ್ತ ದಿನಾ ಬಂದು ತಿಂತಿದ್ಲಲ್ಲ?"

"ಹೇಳಿದ್ರ ನೀವು ಕರಿಯೂದು ಬಿಡ್ತೀರಿ ಅಂತ ಹೇಳಲಿಲ್ರಿ. ತಪ್ಪಾದ್ರ ಏನ್ ಮಾಡ್ತೀರಿ ಅಂತ ನಾ ಅವರನ್ನ ಕೇಳಿದ್ದೆ. 'ಆಕಿ ಈಗ ಒಂದ ಮಾಡ್ತಾಳ, ಆಕಿ ಕೈ ತಪ್ಪೂದಿಲ್ಲ' ಅಂದಿದ್ರು."

ಐದು ರಂಜಾನ್. ಅಷ್ಟು ದಿನವೂ ರುಚಿಯೇ ಗೊತ್ತಾಗದ ಬಾಯಿಗೆ ಖಾರ ತುಂಬಿಕೊಂಡು ಇಂದೂಬಾಯಿ ಕಣ್ಣು ಮುಚ್ಚಿ ಜಗಿದಿದ್ದಳು. ಒಂದು ಚೀಲವೂ ತಿರುಗಿ ಬಂದಿರಲಿಲ್ಲ. ರೋಷನಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮತ್ತೆ ತುಂಬಿ ಬಂದವು, ಹಾಗೇ ಬಿಟ್ಟಳು.

ತರನ್ನುಮಳ ಕೈಯಲ್ಲಿ ಫೋನು ಬಡಿದುಕೊಳ್ಳತೊಡಗಿತು. "ಅಂಗಡಿಯವ್ರು ಅಮ್ಮಾ. ಏನ್ ಹೇಳ್ಲಿ?"

"ನಮ್ಮಲ್ಲಿ ಒಂದ ಐತಿ ಅನ್ನು. ಬೇಕಾದ್ರ ಒಯ್ಯಲಿ."

ತರನ್ನುಮ ಅತ್ತೆಯ ಮುಖವನ್ನೊಮ್ಮೆ ನೋಡಿ, ಹಾಗೇ ಹೇಳಿದಳು. ರೋಷನಬಿ ಹಿಂಡಿಯನ್ನು ಚೀಲಕ್ಕೆ ತುಂಬಿ ಕಟ್ಟಿದಳು. ಭಾಗ್ಯಜ್ಯೋತಿ ಹೊರಡಲು ಎದ್ದಾಗ ಕೂಗಿ ನಿಲ್ಲಿಸಿದಳು.

"ನಾಳೆನೂ ಬಾರವ್ವ. ಬರುವಾಗ ರೊಟ್ಟಿ ತಗೊಂಡ ಬಾ."