ಜ್ಯೂರಿಯ ಒಂಬತ್ತನೇ ಕುರ್ಚಿ

ಹಾರ್ಪ್ ವಾದ್ಯದ ಗುರುತಿರುವ ಕವರ್ ಬಾಗಿಲ ಸಂದಿಯಿಂದ ಒಳಗೆ ಬಿದ್ದರೆ, ನಮ್ಮ ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಅದನ್ನು ಮುಟ್ಟುವುದಿಲ್ಲ.

ಐರ್ಲೆಂಡಿನಲ್ಲಿರುವ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಊರಲ್ಲಿ ಕೂತು ಓದುವವರಿಗೆ ಹೇಳ್ತೀನಿ: ಅದು ಇಲ್ಲಿಯ ಸರಕಾರದ ಮುದ್ರೆ. ವೀಸಾ, ಟ್ಯಾಕ್ಸು, ಪೌರತ್ವ ಎಲ್ಲಾ ಆ ಹಾರ್ಪಿನ ಕೆಳಗೇ ಬರುತ್ತೆ. ಪಾಸ್‌ಪೋರ್ಟು ಕೈಗೆ ಬಂದು ನಾಲ್ಕು ವರ್ಷವಾದರೂ ಆ ಗುರುತು ಕಂಡರೆ ನನ್ನ ಎದೆ ಧಸಕ್ ಅನ್ನುತ್ತೆ. ಏನು ತಪ್ಪು ಮಾಡಿದೆ? ಯಾವ ಕಾಗದ ಕೊಡೋದು ಮರೆತೆ?

ಈ ಸಲ ತಪ್ಪೇನೂ ಇರಲಿಲ್ಲ. ಜ್ಯೂರಿ ಸೇವೆಗೆ ಬರಬೇಕು ಅಂತ ಕೋರ್ಟಿನ ಕರೆ.

ಅಂದರೆ ಹನ್ನೆರಡು ಜನ ಸಾಮಾನ್ಯರು ಕೂತು, ಎದುರಿಗೆ ನಿಂತ ಮನುಷ್ಯ ತಪ್ಪಿತಸ್ಥ ಹೌದೋ ಅಲ್ಲವೋ ಹೇಳಬೇಕು. ಜಡ್ಜ್ ಕಾನೂನು ತಿಳಿಸ್ತಾರೆ. ತೀರ್ಮಾನ ಮಾತ್ರ ಆ ಹನ್ನೆರಡು ಜನರದ್ದು. ಅವರನ್ನು ಮತದಾರರ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ಆರಿಸ್ತಾರೆ. ಡಿಗ್ರಿ ಕೇಳಲ್ಲ. ಯಾರ ಮಗ ಅಂತ ಕೇಳಲ್ಲ.

ಕೇಳಿದ್ದರೆ ಚೆನ್ನಾಗಿತ್ತು ಅನ್ನಿಸಿತು ನನಗೆ.

ಗದಗಿನಲ್ಲಿ ಏಳನೇ ಇಯತ್ತೆ ಮುಗಿಸಿ ಹೊಲಿಗೆ ಮಷಿನ್ನಿನ ಮುಂದೆ ಕೂತವನು ನಾನು. ಮೊದಲ ಮೂರು ವರ್ಷ ಕಾಜಾ, ಗುಂಡಿ, ಅಂಚು ಮಡಿಸೋದು, ಇಷ್ಟೇ. ಆ ಅಂಗಡಿಯಲ್ಲಿ ಕತ್ತರಿ ಹಿಡಿಯುವ ಹಕ್ಕು ಒಬ್ಬರಿಗೇ ಇತ್ತು, ಕಟಿಂಗ್ ಮಾಸ್ಟರ್‌ಗೆ. ತಪ್ಪು ಹೊಲಿದರೆ ಬಿಚ್ಚಬಹುದು. ತಪ್ಪು ಕತ್ತರಿಸಿದ ಬಟ್ಟೆ ಮತ್ತೆ ಕೂಡುವುದಿಲ್ಲ, ಅದಕ್ಕೇ ಕತ್ತರಿ ಬಲ್ಲವನ ಕೈಲಿರಬೇಕು ಅನ್ನುತ್ತಿದ್ದರು ಮಾಸ್ಟರ್.

ಇವತ್ತು ಇಲ್ಲಿಯ ಅತ್ಲೋನ್ ಊರಲ್ಲಿ ನನ್ನದೇ ಆಲ್ಟರೇಷನ್ ಅಂಗಡಿ. ಇಲ್ಲಿ ನಾನೇ ಮಾಸ್ಟರ್. ಜೊತೆಗೆ ಕೆಲಸ ಮಾಡುವ ಶ್ವೇತಾ ಮೈಸೂರಿನವಳು, ಎಂ.ಎಸ್ಸಿ. ಓದಿದಾಕೆ. ಎರಡು ವರ್ಷವಾಯಿತು, ಅವಳ ಕೈಗೆ ಇನ್ನೂ ಕತ್ತರಿ ಕೊಟ್ಟಿಲ್ಲ. (ಎಂ.ಎಸ್ಸಿ. ಮಾಡಿದವಳಿಗೆ ಏಳನೇ ಇಯತ್ತೆಯವನು ‘ಇನ್ನೂ ಕಲೀಬೇಕಮ್ಮಾ’ ಅನ್ನುವಾಗಿನ ಖುಷಿಯೇ ಬೇರೆ. ಸುಳ್ಳು ಯಾಕೆ ಹೇಳಲಿ?)

ಅಂಥವನಿಗೆ ಈ ದೇಶ ಹೇಳ್ತಿದೆ, ಬಾ, ನೀನು ಒಂದು ದಿನವೂ ಕಲಿಯದ ಕೆಲಸ ಮಾಡು ಅಂತ. ಅದೂ ಬಟ್ಟೆಯ ಮೇಲಲ್ಲ, ಮನುಷ್ಯನ ಮೇಲೆ.

ಕಾಗದದಲ್ಲಿ ತಪ್ಪಿಸಿಕೊಳ್ಳುವ ಒಂದು ಸಾಲು ಇತ್ತು. ಸರಿಯಾಗಿ ಓದಲು ಬರದವರು ಜ್ಯೂರಿಗೆ ಅರ್ಹರಲ್ಲ, ಹಾಗಿದ್ದರೆ ತಿಳಿಸಿ ಅಂತ.

“ತಿಳಿಸಿಬಿಡ್ರಿ, ಮುಗದ್ಹೋತು,” ಅಂದಳು ಹೆಂಡತಿ ರೇಷ್ಮಾ. ಅವಳು ನರ್ಸ್. ಅವಳ ಕೆಲಸದ ಬೆನ್ನು ಹತ್ತಿಯೇ ನಾನು ಈ ದೇಶಕ್ಕೆ ಬಂದದ್ದು.

“ಓದಾಕ ಬರಂಗಿಲ್ಲ ಅಂತ ಸರಕಾರಕ್ಕ ಬರದು ಕೊಡ್ಲೇನು?”

“ಹಂಗಾರ ಹೋಗಿ ಕೂಡ್ರಿ. ಮುಖಾ ಯಾಕ ಹಿಂಗ ಮಾಡ್ಕೊಂಡೀರಿ?”

“ತಪ್ಪು ಮಾಡಿದ್ರ?”

“ನಾ ದಿನಾ ಇಂಜೆಕ್ಷನ್ ಕೊಡ್ತೀನಿ. ನನಗ ಅಂಜಿಕಿ ಆಗಂಗಿಲ್ಲೇನು?”

ಸತ್ಯ ಏನೆಂದರೆ ನಾನು ಇಂಗ್ಲಿಷ್ ಓದ್ತೀನಿ. ಆದರೆ ಬೆರಳಿಟ್ಟುಕೊಂಡು. ಒಂದು ಪುಟ ಮುಗಿಯುವಷ್ಟರಲ್ಲಿ ಒಂದು ಕಪ್ ಚಹಾ ಆರಿ ಹೋಗುತ್ತೆ. ಕನ್ನಡ ಹಾಗಲ್ಲ. ಗದಗಿನ ಅಂಗಡಿಯಲ್ಲಿ ಗುಂಡಿ ಕಟ್ಟಿ ಕೊಡುತ್ತಿದ್ದ ಹಳೇ ಪೇಪರ್ ಓದಿಯೇ ನಾನು ಇವತ್ತು ನಿಮಗೆ ವಾರ ವಾರ ಬರೆಯುವವನಾದದ್ದು. ಕಾಗದದ ಆ ಸಾಲಿಗೆ ಗುರುತು ಹಾಕಲಿಲ್ಲ. ಬರ್ತೀನಿ ಅಂತ ಸಹಿ ಮಾಡಿ ಕಳಿಸಿದೆ.

ಮನೆಯಲ್ಲಿ ಖುಷಿಪಟ್ಟವಳು ಮಗಳು ಸಲ್ಮಾ ಒಬ್ಬಳೇ. ಈ ವರ್ಷ ಅವಳದು ಲೀವಿಂಗ್ ಸರ್ಟ್, ನಮ್ಮ ಪಿಯುಸಿ ಇದ್ದ ಹಾಗೆ. ರಾಜಕೀಯ ಮತ್ತು ಸಮಾಜ ಅಂತ ಒಂದು ಸಬ್ಜೆಕ್ಟು ತಗೊಂಡಿದ್ದಾಳೆ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡ್ತಾಳೆ, ಅದೂ ಪಕ್ಕಾ ಅತ್ಲೋನ್ ಇಂಗ್ಲಿಷು.

“ಯು ವಿಲ್ ಬಿ ಗ್ರಾಂಡ್, ಅಪ್ಪಾ,” ಅಂದಳು. (ಏನೂ ಆಗಲ್ಲ, ಚೆನ್ನಾಗೇ ಮಾಡ್ತೀಯ ಅಂತ ಅರ್ಥ.) ಆಮೇಲೆ ತನ್ನ ನೋಟ್ಸ್ ತಂದು ಕೂತಳು. ಆ ವಾರ ಅವರ ಕ್ಲಾಸಿನಲ್ಲಿ ನಡೆದದ್ದು ಅರಿಸ್ಟಾಕ್ರಸಿ.

ಅರಿಸ್ಟಾಕ್ರಸಿ ಅಂದರೆ ನಾನು ತಿಳಿದದ್ದು ಜಹಗೀರುದಾರರು, ಕೋಟೆ, ಕುದುರೆ. ಇಲ್ಲಿ ಸರೋವರದ ದಂಡೆಗೆ ಇರುವ ದೊಡ್ಡ ಹಳೇ ಬಂಗಲೆಗಳು ಒಂದು ಕಾಲಕ್ಕೆ ಲಾರ್ಡುಗಳದ್ದು, ಈಗ ಮದುವೆ ಹೋಟೆಲುಗಳು. ಅಷ್ಟೇ ಅಲ್ಲವಂತೆ. ಗ್ರೀಸ್ ದೇಶದ ಹಳೇ ತತ್ವಜ್ಞಾನಿಗಳು ಆ ಹೆಸರು ಇಟ್ಟಾಗ ವಂಶ ಎರಡನೇ ಮಾತು. ಎಲ್ಲರಿಗಿಂತ ಯೋಗ್ಯರು ಯಾರೋ ಅವರು ಆಳಬೇಕು, ಅದು ಅರಿಸ್ಟಾಕ್ರಸಿ. ಹಡಗು ಬಿರುಗಾಳಿಗೆ ಸಿಕ್ಕಿದೆ ಅಂದುಕೊಳ್ಳಿ. ಚುಕ್ಕಾಣಿ ಹಿಡಿಯುವವನನ್ನು ಪ್ರಯಾಣಿಕರ ಹೆಸರಿನ ಚೀಟಿ ಎತ್ತಿ ಆರಿಸ್ತೀರಾ? ಅಥವಾ ಗಾಳಿ, ನೀರು, ನಕ್ಷತ್ರ ಬಲ್ಲವನ ಕೈಗೆ ಕೊಡ್ತೀರಾ?

ಅಷ್ಟು ಹಿಂದಿನ ಜ್ಞಾನಿಯೊಬ್ಬ ನಮ್ಮ ಗದಗಿನ ಕಟಿಂಗ್ ಮಾಸ್ಟರ್‌ನ ಮಾತನ್ನೇ ಆಡಿದ್ದಾನೆ.

ಅವನ ಶಿಷ್ಯನದು ಮಾತ್ರ ಸ್ವಲ್ಪ ಬೇರೆ ದಾರಿ. ಯೋಗ್ಯರ ಆಳ್ವಿಕೆ ಒಳ್ಳೆಯದೇ, ಆದರೆ ಅವರು ತಮ್ಮ ಹೊಟ್ಟೆ ನೋಡಿಕೊಳ್ಳಲು ಶುರು ಮಾಡಿದ ದಿನ ಅದು ಕೆಟ್ಟು ಹೋಗುತ್ತೆ ಅಂದನಂತೆ. ಅವನದೇ ಇನ್ನೊಂದು ಮಾತು, ಮನೆ ಹೇಗಿದೆ ಅಂತ ಕಟ್ಟಿದವನಿಗಿಂತ ಒಳಗೆ ಇರುವವನೇ ಚೆನ್ನಾಗಿ ಹೇಳಬಲ್ಲ.

“ಅಂದ್ರ ಕೋಟು ಹೆಂಗೈತಿ ಅಂತ ಗಿರಾಕಿ ಹೇಳ್ಬೇಕು, ನಾ ಅಲ್ಲ?”

“ಎಕ್ಸಾಕ್ಟ್ಲಿ,” ಅಂದಳು ಸಲ್ಮಾ.

ನನಗೆ ಆ ಶಿಷ್ಯ ಹಿಡಿಸಲಿಲ್ಲ.

“ಇರ್ಲಿ. ಯೋಗ್ಯರು ಯಾರು ಅಂತ ಯಾರು ಹೇಳ್ಬೇಕು?” ಅಂತ ಕೇಳಿದೆ.

“ದಟ್ಸ್ ದ ಪ್ರಾಬ್ಲಮ್, ಅಪ್ಪಾ.” ಅದಕ್ಕೆ ಉತ್ತರ ಏನು ಅಂದರೆ, ಪರೀಕ್ಷೆಯಲ್ಲಿ ಎರಡೂ ಕಡೆಯ ವಾದ ಬರೆದರೆ ಸಾಕಂತೆ.

ಪರೀಕ್ಷೆಯಲ್ಲಿ ಸಾಕು. ಕೋರ್ಟಿನಲ್ಲಿ?

ಇಲ್ಲಿ ಒಂದು ತಪ್ಪೊಪ್ಪಿಗೆ. ಹೋದ ಯುಗಾದಿಗೆ ರಾಜಧಾನಿಯ ಹತ್ತಿರದ ಸಿಟಿವೆಸ್ಟ್‌ನಲ್ಲಿ ನಮ್ಮ ಕನ್ನಡದವರ ಊಟ ಇತ್ತು. ಹೋಳಿಗೆ ಮುಗಿಸಿ ಕೂತಾಗ ಒಬ್ಬರು ಶುರು ಮಾಡಿದರು: “ಓದು ಬರಹ ಇಲ್ಲದವರ ಕೈಗೆ ವೋಟು ಕೊಟ್ಟೇ ದೇಶ ಹಾಳಾಗಿದ್ದು ನೋಡಿ. ಡಿಗ್ರಿ ಇದ್ದವರಿಗೆ ಮಾತ್ರ ಅಂತ ಮಾಡ್ಲಿ, ಎಲ್ಲಾ ಸರಿಹೋಗುತ್ತೆ.” ಎಲ್ಲರೂ ತಲೆ ಆಡಿಸಿದರು. ನಾನೂ ಆಡಿಸಿದೆ. ಸ್ವಲ್ಪ ಜಾಸ್ತಿಯೇ. (ಆಡಿಸದಿದ್ದರೆ ‘ನೀವೇನು ಓದಿದ್ದು ಸರ್’ ಅಂತ ಯಾರಾದರೂ ಕೇಳಿದರೆ?)

ಕೋರ್ಟಿನ ದಿನ ಮದುವೆಗೆ ಹಾಕುವ ಸೂಟು ಹಾಕಿದೆ. ಪ್ಲಾಸ್ಟಿಕ್ ಫೈಲಿನಲ್ಲಿ ಪಾಸ್‌ಪೋರ್ಟು, ಪೌರತ್ವದ ಸರ್ಟಿಫಿಕೇಟು, ಕರೆಂಟ್ ಬಿಲ್ಲು, ಮದುವೆ ಸರ್ಟಿಫಿಕೇಟು, ಎಲ್ಲದರ ಮೂರು ಮೂರು ಝೆರಾಕ್ಸು. ಯಾರೂ ಏನೂ ಕೇಳಲಿಲ್ಲ. ಬಾಗಿಲಲ್ಲಿದ್ದ ಹೆಣ್ಣುಮಗಳು ನನ್ನ ಫೈಲಿನ ದಪ್ಪ ನೋಡಿ, ನೀವು ವಕೀಲರಾ ಅಂತ ಕೇಳಿದಳು. ಅಲ್ಲ ಅಂದೆ.

ಆರೋಪಿಯನ್ನು ನಿಲ್ಲಿಸಿದರು. ಐವತ್ತರ ಆಸುಪಾಸಿನವನು. ನನ್ನ ಕಣ್ಣು ಮೊದಲು ಹೋದದ್ದು ಕೋಟಿನ ತೋಳಿಗೆ. ಎರಡು ಇಂಚು ಉದ್ದ, ಅರ್ಧ ಅಂಗೈ ಮುಚ್ಚಿತ್ತು. ಯಾರದೋ ಕೋಟು ಕೇಳಿ ಹಾಕಿಕೊಂಡು ಬಂದಿದ್ದಾನೆ. ಹೊಡೆದಾಟದ ಕೇಸು. ತಪ್ಪಿತಸ್ಥನಲ್ಲ ಅಂತ ಅವನು ಹೇಳಿದ್ದು ಕೇಳಿಸದೆ, ಇನ್ನೊಮ್ಮೆ ಹೇಳಿಸಿದರು.

ಹೆಸರು ಎತ್ತುವ ಮೊದಲು ಹತ್ತು ನಿಮಿಷ ಬಿಡುವು ಕೊಟ್ಟರು. ಹೊರಗಿನ ಕಾರಿಡಾರಿನಲ್ಲಿ ಜ್ಯೂರಿಗೆ ಕರೆದವರೆಲ್ಲಾ ಗುಂಪಾಗಿ ನಿಂತಿದ್ದೆವು. ನನ್ನ ಪಕ್ಕದಲ್ಲಿ ಒಬ್ಬರು ಹಿರಿಯರು. ಅವರು ಹಾಕಿದ್ದ ಟ್ವೀಡ್ ಕೋಟು ನೋಡಬೇಕಿತ್ತು ನೀವು. ಕಾಲರು ಕೈಯಲ್ಲೇ ಹೊಲಿದದ್ದು, ಭುಜದಲ್ಲಿ ಒಂದು ನೆರಿಗೆ ಇಲ್ಲ. ಅಂಥ ಕೋಟು ನನ್ನ ಕೈಲೂ ಆಗಲ್ಲ. ಮಾತು ಅಷ್ಟೇ ನಯ. ಇಂಥವರಿಗಾಗಿಯೇ ಜ್ಯೂರಿ ಇರೋದು ಅಂದುಕೊಂಡೆ. ಕೋಟು ನೋಡಿ ಮನುಷ್ಯನ ಅಳತೆ ತೆಗೆಯೋದು ನಮ್ಮ ಕಸುಬಿನವರ ಚಟ.

“ಮೊದಲ ಸಲವಾ?” ಅಂತ ಕೇಳಿದರು.

“ಹೌದು. ಭಯ ಆಗ್ತಿದೆ ಸರ್.”

“ಭಯ ಯಾಕೆ? ನನಗೆ ಅವನ ಮುಖ ನೋಡಿದ ಕೂಡಲೇ ಗೊತ್ತಾಯ್ತು. ಚರ್ಚಿಗೆ ಹೋಗಿದ್ದಕ್ಕೆ ಯಾರನ್ನೂ ಇಲ್ಲಿಗೆ ತಂದು ನಿಲ್ಲಿಸಲ್ಲ, ಅಲ್ವಾ?” ಅಂತ ನಕ್ಕರು.

ನಾನೂ ನಕ್ಕೆ. ಯುಗಾದಿಯ ದಿನ ತಲೆ ಆಡಿಸಿದ ಹಾಗೆಯೇ.

ಮತ್ತೆ ಒಳಗೆ ಕರೆದರು. ಜಡ್ಜ್ ಒಬ್ಬ ಹೆಂಗಸು, ಮೆಲುದನಿ. ಆರೋಪಿಯ ಪರಿಚಯ ಇರುವವರು, ಆಗಲೇ ಮನಸ್ಸಿನಲ್ಲಿ ತೀರ್ಮಾನ ಮಾಡಿಕೊಂಡವರು, ಓದಲು ತೊಂದರೆ ಇರುವವರು ಹೆಸರು ಕರೆದಾಗ ಹೇಳಿಬಿಡಿ ಅಂದರು. ನಾನು ಓರೆಗಣ್ಣಿನಲ್ಲಿ ಟ್ವೀಡ್ ಕೋಟಿನ ಕಡೆ ನೋಡಿದೆ. ಅವರು ಆರಾಮಾಗಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು.

ಡಬ್ಬಿಯಿಂದ ಒಂದೊಂದೇ ಹೆಸರು ಎತ್ತಿದರು. ಎಂಟು ಕುರ್ಚಿ ತುಂಬಿತು. ಒಂಬತ್ತನೆಯದು ನನ್ನ ಹೆಸರು.

ಹತ್ತು ಹೆಜ್ಜೆ ಇರಬಹುದು. ಆ ಹತ್ತು ಹೆಜ್ಜೆಯಲ್ಲಿ ನನ್ನ ತಲೆಯಲ್ಲಿ ಏನೇನು ಓಡಿತು! ಸಾಕ್ಷಿ ಕಾಗದ ಕೊಡ್ತಾರೆ, ಉಳಿದ ಹನ್ನೊಂದು ಜನ ಓದಿ ಮುಗಿಸಿ ನನ್ನ ಬೆರಳನ್ನೇ ನೋಡ್ತಾ ಕೂರ್ತಾರೆ. ನಾನು ಒಂದು ಪದ ತಪ್ಪು ತಿಳಿದರೆ ಒಬ್ಬ ಮನುಷ್ಯ ಜೈಲಿಗೆ. ಇಲ್ಲವೇ ಹೊಡೆತ ತಿಂದವನಿಗೆ ಅನ್ಯಾಯ. ಆರೋಪಿ ನನ್ನನ್ನೇ ನೋಡುತ್ತಿದ್ದ. ಮುಖ ಅಲ್ಲ, ನನ್ನ ಕೈ ನೋಡುತ್ತಿದ್ದ.

ಪ್ರಮಾಣ ಮಾಡಲು ಪವಿತ್ರ ಗ್ರಂಥ ಮುಂದೆ ಹಿಡಿದರು. ನನ್ನ ಬಾಯಿ ತಾನೇ ತೆರೆಯಿತು.

“ಜಡ್ಜ್, ನನಗೆ ಓದಲು ಕಷ್ಟ.”

ಇಷ್ಟು ವರ್ಷ ಈ ದೇಶದಲ್ಲಿ ಯಾರ ಮುಂದೆಯೂ ಆಡದ ಮಾತು. ತುಂಬಿದ ಕೋರ್ಟಿನಲ್ಲಿ ಆಡಿದೆ. ಅದೂ ಅರ್ಧ ಸುಳ್ಳು.

ಜಡ್ಜ್ ಒಂದಿಷ್ಟೂ ಹೀಯಾಳಿಸಲಿಲ್ಲ. ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್, ನಾಚಿಕೆ ಪಡುವಂಥದ್ದೇನಿಲ್ಲ, ನೀವು ಹೋಗಬಹುದು ಅಂದರು. ನಿಜ ಹೇಳಲಾ? ತಲೆ ಮೇಲಿನ ಬಂಡೆ ಇಳಿಸಿದ ಹಾಗಾಯಿತು. ಬಲ್ಲವರು ಮಾಡಲಿ ಬಿಡಪ್ಪಾ ಅಂದುಕೊಂಡು ಬಾಗಿಲ ಕಡೆ ತಿರುಗಿದೆ.

ಬಾಗಿಲು ಮುಟ್ಟುವ ಮೊದಲೇ ಮುಂದಿನ ಹೆಸರು ಕೂಗಿದರು.

ಟ್ವೀಡ್ ಕೋಟು ಎದ್ದು ನಿಂತಿತು.

ಅವರು ನನ್ನ ಪಕ್ಕದಲ್ಲೇ ಹಾದು ಹೋದರು. ಹೋಗುವಾಗ ಭುಜ ತಟ್ಟಿ “ಗುಡ್ ಮ್ಯಾನ್” ಅಂದರು. ಜಡ್ಜ್ ಹೇಳಿದ ಎಚ್ಚರಿಕೆ ಅವರ ಕಿವಿಗೂ ಬಿದ್ದಿತ್ತು. ಅವರು ಏನೂ ಹೇಳಲಿಲ್ಲ. ಗ್ರಂಥ ಹಿಡಿದರು, ಪ್ರಮಾಣದ ಸಾಲು ಪಟಪಟ ಅಂತ ಓದಿದರು, ಒಂದು ಅಕ್ಷರ ತಡವರಿಸಲಿಲ್ಲ. ಒಂಬತ್ತನೇ ಕುರ್ಚಿಯಲ್ಲಿ ಕೂತರು.

ನಾನು ಹೇಳಬಹುದಿತ್ತು. ಈ ಮನುಷ್ಯ ಆಗಲೇ ತೀರ್ಪು ಬರೆದಿಟ್ಟುಕೊಂಡಿದ್ದಾನೆ ಅಂತ ಯಾವ ಸಿಬ್ಬಂದಿಗೆ ಹೇಳಿದ್ದರೂ ಸಾಕಿತ್ತು. ಬಾಗಿಲ ಹಿಡಿಕೆ ಹಿಡಿದು ನಿಂತೆ. ಓದಲು ಬರಲ್ಲ ಅಂತ ಈಗಷ್ಟೇ ಒಪ್ಪಿಕೊಂಡವನ ಮಾತು, ಆ ಕೋಟಿನ ಎದುರು ಯಾರು ಕೇಳ್ತಾರೆ? ಹೊರಗೆ ಬಂದೆ.

ಮನೆಯಲ್ಲಿ ರೇಷ್ಮಾಗೆ ಹೇಳಿದೆ. “ಅಂಜಿಕಿ ಇದ್ದಾಂವ ಎದ್ದು ಬಂದ, ಅಂಜಿಕಿ ಇಲ್ಲದಾಂವ ಕೂತ. ಛಲೋ ಆತು,” ಅಂದಳು. ಸಲ್ಮಾ ಓದುತ್ತಿದ್ದ ಪುಸ್ತಕ ಮುಚ್ಚಿಟ್ಟಳು. ಅವಳ ನೋಟ್ಸಿನಲ್ಲಿ ಇದಕ್ಕೆ ಎರಡು ಕಡೆ ಇದ್ದಿರಲಿಕ್ಕಿಲ್ಲ.

ಮರುದಿನ ಅಂಗಡಿಯಲ್ಲಿ ಶ್ವೇತಾ ಸಮಾಧಾನ ಮಾಡಿದಳು. “ನೀವು ಮಾಡಿದ್ದೇ ಸರಿ ಮಾಸ್ಟರ್. ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕಬಾರದು ಅಂತ ನೀವೇ ಹೇಳ್ತೀರಲ್ಲ?”

ಅವಳು ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನಾನು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟೆ. ಅವಳೂ ಹಿಂದೆ ಸರಿಯೋದು ಕಲಿತುಬಿಟ್ಟಿದ್ದಾಳೆ. ನಾನೇ ಕಲಿಸಿದ್ದೇನೆ.

ಆ ಕೇಸು ಏನಾಯಿತೋ ನನಗೆ ಗೊತ್ತಿಲ್ಲ. ಈಗ ವಾರಕ್ಕೊಮ್ಮೆ ಸ್ಥಳೀಯ ಪೇಪರ್ ತರಿಸ್ತೀನಿ. ಕೋರ್ಟಿನ ಸುದ್ದಿ ಇರುವ ಪುಟವನ್ನು ಬೆರಳಿಟ್ಟು, ಒಂದು ಪದ ಬಿಡದೆ ಓದ್ತೀನಿ. ಇನ್ನೂ ಸಿಕ್ಕಿಲ್ಲ. ಸಿಗದಿರಲಿ ಅಂತಲೂ ಅನ್ನಿಸುತ್ತೆ. ತಪ್ಪಿತಸ್ಥ ಅಂತ ಬಂದಿದ್ದರೆ ಅದು ಸಾಕ್ಷಿ ಕೇಳಿ ಬಂದದ್ದೋ, ಮುಖ ನೋಡಿ ಬಂದದ್ದೋ ಅಂತ ನನಗೆ ಯಾರು ಹೇಳ್ತಾರೆ? ಆ ಟ್ವೀಡ್ ಕೋಟಿನವರ ಮನಸ್ಸು ಒಳಗೆ ಕೂತ ಮೇಲೆ ಬದಲಾಗಿರಬಹುದು. ಆಗಿರಲಿ ಅಂತ ಐದೂ ಹೊತ್ತು ಬೇಡಿಕೊಳ್ತೀನಿ.

ಯೋಗ್ಯರು ಆಳಲಿ ಅಂತ ಆ ಗ್ರೀಕರು ಬಹಳ ಚೆನ್ನಾಗಿ ವಾದ ಮಾಡಿದ್ದಾರೆ, ನಾನು ಅಲ್ಲಗಳೆಯಲ್ಲ. ಆದರೆ ನನ್ನ ಅನುಭವ ಇಷ್ಟು: ‘ನಾನು ಯೋಗ್ಯನಲ್ಲ’ ಅಂತ ಒಬ್ಬ ಎದ್ದು ಹೋದ ಕೂಡಲೇ, ‘ನಾನು ಯೋಗ್ಯ’ ಅಂತ ಮೊದಲೇ ಒಪ್ಪಿಕೊಂಡವನು ಬಂದು ಕೂರ್ತಾನೆ. ಅವನನ್ನು ಯಾರೂ ಪರೀಕ್ಷೆ ಮಾಡಿರಲ್ಲ.

ನೀವು ದೊಡ್ಡ ಮನಸ್ಸು ಮಾಡಿ ಬಿಟ್ಟು ಬಂದ ಕುರ್ಚಿಯಲ್ಲಿ ಈಗ ಯಾರು ಕೂತಿದ್ದಾರೆ, ಒಮ್ಮೆಯಾದರೂ ತಿರುಗಿ ನೋಡಿದ್ದೀರಾ?