ನೀರು ಬರುವ ದಿನ ಕರೆದ ಸಭೆ

ಶಾಂತವ್ವ, ಆ ಸಭೆಗೆ ನೀವು ಬರಬಾರದೆಂದೇ ನಾನು ಆ ದಿನವನ್ನು ಆರಿಸಿದ್ದೆ. ಅಂದು ನಿಮ್ಮ ಓಣಿಗೆ ನೀರು ಬರುತ್ತದೆಂದು ನನಗೆ ಗೊತ್ತಿತ್ತು. ಮರೆತಿದ್ದೆ ಎನ್ನುವ ಹಾಗೂ ಇಲ್ಲ — ಕೇಳಿ ತಿಳಿದುಕೊಂಡೇ ಮಾಡಿದ ಕೆಲಸ.

ತೊಂಬತ್ತರ ದಶಕದ ಕೊನೆಯ ಮಾತು. ಮಾಳಮಡ್ಡಿಯ ನಮ್ಮ ಕಾಲನಿಗೂ ಹಿಂದಿನ ನಿಮ್ಮ ಓಣಿಗೂ ನಡುವೆ ಒಂದು ನಾಲಾ. ಅದರ ಮೇಲೆ ಸಣ್ಣ ಸೇತುವೆ ಕಟ್ಟಿ ಎರಡನ್ನೂ ಕೂಡಿಸುವ ಹಾದಿ ಮಾಡುವ ವಿಚಾರ ಬಂದಿತ್ತು. ಎರಡೂ ಕಡೆಯ ಜನ ಒಂದೆಡೆ ಕೂತು ಒಪ್ಪಿದರಷ್ಟೇ ಕೆಲಸ ಎಂದು ಪಾಲಿಕೆಯ ಎಂಜಿನಿಯರರು ಹೇಳಿದ್ದರು. ಸಭೆ ಕರೆಯುವ ಹೊಣೆ ನನ್ನದು — ಕಾಲನಿ ಸಂಘದ ಕಾರ್ಯದರ್ಶಿ, ಮೇಲಾಗಿ ಎಲ್ಲರೂ ‘ಅಕ್ಕೋರು’ ಎಂದು ಗೌರವಿಸುವ ಶಿಕ್ಷಕಿ.

ನೀವು ಒಮ್ಮೆ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಹೇಳಿದ್ದಿರಿ. “ಅಕ್ಕೋರ, ಈ ಹಾದಿ ಆತಂದ್ರ ನಮ್ಮ ರೇಣುಕಾ ಹೈಸ್ಕೂಲಿಗೆ ಹೋಗ್ತಾಳ್ರಿ. ಸುತ್ತು ಹಾಕ್ಕೊಂಡು ಲಾರಿ ಓಡಾಡೋ ರೋಡ ದಾಟಿ ಹೋಗೂದು ಬ್ಯಾಡ ಅಂತಾರ ಅವರಪ್ಪ.” ಹೈಸ್ಕೂಲು ನಮ್ಮ ಕಾಲನಿಯ ತಿರುವಿನಲ್ಲೇ ಇತ್ತು. ನಿಮ್ಮ ಮಗಳಿಗೆ ಆ ವರ್ಷ ಏಳನೆಯ ತರಗತಿ ಮುಗಿಯುವುದಿತ್ತು. ನಾನು ಚಹಾ ಕೊಟ್ಟು, “ಛಲೋ ಆಗ್ತದ ಬಿಡ್ರಿ” ಎಂದೆ.

ಛಲೋ ಆಗುವುದು ನನಗೆ ಬೇಕಿರಲಿಲ್ಲ. ಹಾದಿ ನಮ್ಮ ಮನೆಯ ಮಗ್ಗುಲಲ್ಲೇ ಹಾಯುತ್ತಿತ್ತು. ಸೈಕಲ್ಲು, ದನ, ಯಾರ್ಯಾರೋ ಮಂದಿ — ಯಾರ್ಯಾರೋ ಏಕೆ, ನಿಮ್ಮ ಮಂದಿ — ನನ್ನ ಕಿಟಕಿಯ ಕೆಳಗೆ ಓಡಾಡುವುದು ಬೇಡವಾಗಿತ್ತು. ಅದನ್ನು ಎದ್ದು ನಿಂತು ಹೇಳೋಣವೆಂದರೆ, ಮಕ್ಕಳಿಗೆ ಎಲ್ಲರೂ ಒಂದೇ ಎಂದು ಪಾಠ ಹೇಳುವವಳು ನಾನು... ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಸಂಘದ ಗಂಡಸರಿಗೆ ಈ ಉಪಾಯ ಹೊಳೆಯುತ್ತಿರಲಿಲ್ಲ. ವಾರಕ್ಕೊಮ್ಮೆ ಬರುವ ನೀರನ್ನು ಬಿಟ್ಟು ಯಾವ ಹೆಂಗಸೂ ಮನೆಯಿಂದ ಕದಲುವುದಿಲ್ಲ ಎಂಬುದು ಕೊಡ ಹೊತ್ತವಳಿಗೇ ಗೊತ್ತು. ನಿಮ್ಮ ಓಣಿಯಲ್ಲಿ ಹಾದಿಗಾಗಿ ಓಡಾಡುತ್ತಿದ್ದವರೆಲ್ಲ ಹೆಂಗಸರೇ. ನೀರು ಬಿಡುವವನನ್ನು ದಾರಿಯಲ್ಲಿ ನಿಲ್ಲಿಸಿ, “ಹಿಂದಿನ ಓಣಿಗೆ ಯಾವಾಗ ಬಿಡ್ತೀಯಪ್ಪ?” ಎಂದು ಕೇಳಿದೆ. “ಐತವಾರ ಮುಂಜಾನೇರಿ” ಎಂದ. ಐತವಾರ ಮುಂಜಾನೆಯೇ ಸಭೆ ಎಂದು ಎರಡೂ ಕಡೆ ಹೇಳಿಕಳಿಸಿದೆ.

ನಿಮ್ಮ ಕಡೆಯವರು ಒಬ್ಬರೂ ಬರಲಿಲ್ಲ. ಎಂಜಿನಿಯರರು ಸ್ವಲ್ಪ ಹೊತ್ತು ಕಾದು, “ಅವರಿಗೇ ಬೇಕಾಗಿಲ್ಲೇನ್ರಿ?” ಎಂದು ನನ್ನ ಕಡೆ ನೋಡಿದರು.

“ಹೇಳಿ ಕಳಿಸೇನ್ರಿ. ಬರಲಿಲ್ಲಂದ್ರ ನಾವೇನು ಮಾಡೋಣ್ರಿ?” ಎಂದೆ.

ಆ ಮಾತಿನಲ್ಲಿ ಒಂದು ಸುಳ್ಳೂ ಇರಲಿಲ್ಲ. ಅದನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಹೇಸಿಗೆ. ಸೇತುವೆ ಬೇರೆ ಕಡೆ ಹೋಯಿತು. ರೇಣುಕಾ ಶಾಲೆ ಬಿಟ್ಟಳು.

ಎಷ್ಟೋ ವರ್ಷಗಳ ಮೇಲೆ ಕೇಶ್ವಾಪುರದ ಬಟ್ಟೆ ಅಂಗಡಿಯೊಂದರಲ್ಲಿ ಅವಳು ಕಂಡಳು; ಗಿರಾಕಿಗಳು ಬಿಚ್ಚಿಸಿ ಬಿಟ್ಟುಹೋದ ಸೀರೆಗಳನ್ನು ಮಡಚುತ್ತಿದ್ದಳು. ಗುರುತು ಹಿಡಿದು ನನ್ನ ಕಾಲು ಮುಟ್ಟಿ ನಮಸ್ಕರಿಸಿದಳು. “ಅವ್ವ ಇನ್ನೂ ಹಳಹಳಿಸ್ತಾಳ್ರಿ ಅಕ್ಕೋರ. ಅವತ್ತೊಂದಿನ ನೀರು ಬಿಟ್ಟು ಮೀಟಿಂಗಿಗೆ ಹೋಗಿದ್ದರ ನೀ ಸಾಲಿ ಕಲೀತಿದ್ದಿ, ತಪ್ಪು ನಂದ ಅಂತಾಳ.”

ಆಗಲಾದರೂ ಹೇಳಬಹುದಿತ್ತು. “ಇರಲಿ ಬಿಡವ್ವಾ” ಎಂದೆ — ನಿಮ್ಮನ್ನು ನಾನು ಕ್ಷಮಿಸಿದವಳ ಹಾಗೆ. ಮನೆಗೆ ಬಂದು ಅತ್ತೆ. ನಾನು ಅತ್ತರೆ ನಿಮಗೇನು ಬಂತು?

ತಪ್ಪು ನಿಮ್ಮದಲ್ಲ, ಶಾಂತವ್ವ. ಇದನ್ನು ಬರೆದು ಕೈ ತೊಳೆದುಕೊಳ್ಳುವುದಿಲ್ಲ. ನಿಮ್ಮ ಮನೆಗೆ ಬರುತ್ತೇನೆ. ರೇಣುಕಾಳೂ ಇರಲಿ. ಒಳಗೆ ಕರೆಯದಿದ್ದರೆ ಬಾಗಿಲಲ್ಲೇ ನಿಂತು, ಓಣಿಯ ಮಂದಿಗೆಲ್ಲ ಕೇಳುವ ಹಾಗೆ ಹೇಳುತ್ತೇನೆ.