ಎಡತೋಳು ಸ್ವಲ್ಪ ಸಡಿಲ

ಮೊನ್ನೆ ಕೂಡ್ಲಿಗಿಯ ಕಾಲೇಜಿನಲ್ಲಿ ನನ್ನ ತಮ್ಮನ ಲೆಕ್ಚರ್. ಏಳನೇ ತರಗತಿಗೆ ಶಾಲೆ ಬಿಟ್ಟ ನನಗೆ ಮುಂದಿನ ಸಾಲಿನ ಕುರ್ಚಿ. (ಅವನ ಅಕ್ಕ ಎಂಬ ಕಾರಣಕ್ಕೆ. ಅಂಕಣ ಬರೆಯುತ್ತೇನೆಂದಲ್ಲ.)

ವಿಷಯವೇನು ಗೊತ್ತೇ? ಎಲುಬು. ಸಾವಿರದ ಇನ್ನೂರು-ಸಾವಿರದ ಮುನ್ನೂರು ವರ್ಷದ ಹಿಂದೆ ಸತ್ತವರದು. ಅವುಗಳ ಮೇಲಿನ ಪೆಟ್ಟು ನೋಡಿದರೆ ಆ ಕಾಲದ ಹೊಡೆದಾಟ ತಿಳಿಯುತ್ತದಂತೆ.

ಪರದೆಯ ಮೇಲೆ ಸ್ಲೈಡ್ ಬಿತ್ತು. ಕತ್ತಿ ಇಳಿದ ತಲೆಬುರುಡೆ. ಗಾಯದ ಅಂಚು ಚೂಪಾಗಿದ್ದರೆ ಆಸಾಮಿ ಹೆಚ್ಚು ದಿನ ಉಳಿಯಲಿಲ್ಲ. ನುಣುಪಾಗಿದ್ದರೆ ಬದುಕಿಕೊಂಡ, ಯಾರೋ ಆರೈಕೆ ಮಾಡಿರಬೇಕು. ಹುಡುಗಿಯರೆಲ್ಲ ಬಾಯಿ ತೆರೆದು ಕೇಳುತ್ತಿದ್ದರು. ನನಗೋ ಹೊಟ್ಟೆಯುರಿ. ತಲೆ ನರೆತರೂ ಇದು ಆರಲಿಲ್ಲ.

ಆಮೇಲೆ ಮುಂಗೈ ಎಲುಬು.

"ಬಿದ್ರ ಸಾಮಾನ್ಯವಾಗಿ ಮಣಿಕಟ್ಟಿನ ಹತ್ರ ಮುರೀತೈತಿ," ಎಂದ ತಮ್ಮ. "ತಲಿಗೆ ಬರೋ ಏಟಿಗೆ ಕೈ ಅಡ್ಡ ಹಿಡಿದ್ರ, ಇಲ್ಲಿ. ಎಲ್ಲಾ ಯುದ್ಧದಾಗ ಬಿದ್ದ ಪೆಟ್ಟಲ್ಲ. ಮನಿಯೊಳಗ ಬಿದ್ದಿದ್ದೂ ಇರಬಹುದು."

ಹೇಳುತ್ತಲೇ ಅಂಗಿಯ ಎಡತೋಳು ಮೇಲಕ್ಕೆ ಮಡಚಿ ತನ್ನ ಮುಂಗೈಯನ್ನೇ ತೋರಿಸಿದ. ಅದರ ನಡುವೆ ಎಲುಬಿನ ಗಂಟು.

ಆ ಅಂಗಿ ಹೊಲಿದವಳು ನಾನು. ಕೊಟ್ಟೂರಿನ ನನ್ನ ಟೇಲರ್ ಅಂಗಡಿಯಲ್ಲಿ ಅವನ ಅಂಗಿಗೆ ಯಾವಾಗಲೂ ತುಂಬುತೋಳು. ಎಡಗಡೆ ಸ್ವಲ್ಪ ಸಡಿಲ. ಗಂಟು ಕಾಣದಿರಲೆಂದು.

ಮನೆಯವರು ನನ್ನ ಶಾಲೆ ಬಿಡಿಸಿ, ನನ್ನ ಪಾಟಿಚೀಲವನ್ನು ಎಂಟು ವರ್ಷದ ಅವನ ಹೆಗಲಿಗೆ ಹಾಕಿದ ದಿನ, ಒಲೆಯ ಮುಂದಿನ ಕಟ್ಟಿಗೆ ಎತ್ತಿ ಬೀಸಿದ್ದೆ. ತಲೆಗೆ. ಅವನು ಕೈ ಅಡ್ಡ ಹಿಡಿದ. ಅಟ್ಟದಿಂದ ಬಿದ್ದನೆಂದು ಅವ್ವನಿಗೆ ಹೇಳಿದೆ. ಅವನೂ ಹೂಂ ಎಂದ. ಎಲುಬು ಕಟ್ಟುವ ಅಜ್ಜ ಬಿದಿರು ದಬ್ಬೆ ಇಟ್ಟು ಕಟ್ಟಿದ. ಸೊಟ್ಟಗೆ ಕೂಡಿತು.

"ಸರ್, ನಿಮಗ ಹೊಡದವರು ಯಾರ್ರಿ?" ಹುಡುಗಿಯೊಬ್ಬಳು ಕೇಳಿದಳು. ಸಭೆಯೆಲ್ಲ ನಕ್ಕಿತು. ನಾನು ಸೆರಗಿನ ತುದಿ ಹಿಡಿದು ಕುಳಿತೆ.

"ಎಲುಬು ಪೆಟ್ಟು ಹೇಳ್ತೈತಿ, ಹೆಸರು ಹೇಳಂಗಿಲ್ಲಮ್ಮ," ಎಂದ. ನನ್ನ ಕಡೆ ನೋಡಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ತಡೆಯಲಾರದೆ ಕೇಳಿದೆ. "ಅವತ್ತೇ ಅವ್ವಗ ಯಾಕ ಹೇಳಲಿಲ್ಲಲೇ?"

"ಪಾಟಿಚೀಲ ನನಗ, ಹೊಡತ ನಿನಗ ಅಂದ್ರ ಹೆಂಗಕ್ಕ?" ಎಂದ. "ಮುಂದಿನ ಅಂಗಿ ಅರ್ಧತೋಳಿಂದು ಹೊಲಿ. ಶೆಕಿ ಭಾಳ ಐತಿ."

ಓದಿನಲ್ಲಿ ಮುಂದೆ ಹೋದ, ಸಹಿಸಿಕೊಂಡೆ. (ಸುಳ್ಳು.) ಕ್ಷಮಿಸುವುದರಲ್ಲೂ ನನಗಿಂತ ಮುಂದೆ ಹೋದರೆ, ಹೊಟ್ಟೆ ಉರಿಯದೆ ಇರುತ್ತದೆಯೇ ಹೇಳಿ?